ಇಂಗ್ಲಿಷರ ಹಿತ್ತಲಲ್ಲಿ ಪರದೇಶದ ವಸಂತ

ಡ್ಯಾಫೊಡಿಲ್ ಹೂವನ್ನು ಕಣ್ಣಾರೆ ಕಂಡ ಕನ್ನಡಿಗರು ಕಡಿಮೆ. ಆದರೆ ಶಾಲೆಯಲ್ಲಿ ಇಂಗ್ಲಿಷ್ ಪದ್ಯ ಓದಿದವರಲ್ಲಿ ಅದರ ಹೆಸರು ಕೇಳದವರು ವಿರಳ. 1802ರ ಏಪ್ರಿಲ್ 15ರಂದು ಕವಿ ವರ್ಡ್ಸ್‌ವರ್ತ್ ತನ್ನ ತಂಗಿ ಡೊರೊಥಿಯೊಂದಿಗೆ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಕಂಡ ಈ ಹಳದಿ ಹೂ ಪಠ್ಯಪುಸ್ತಕದ ಮೂಲಕ ನಮ್ಮ ಹಳ್ಳಿಗಳನ್ನೂ ತಲುಪಿತು. ಇಂಗ್ಲೆಂಡಿನ ವಸಂತವೆಂದರೆ ಹೀಗಿರುತ್ತದೆ ಎಂಬ ಚಿತ್ರವೊಂದು ಹೂವನ್ನೇ ನೋಡದವರ ಮನಸ್ಸಿನಲ್ಲೂ ಕುಳಿತುಬಿಟ್ಟಿತು.

ಕವಿ ಕಂಡ ಕಾಡು ಡ್ಯಾಫೊಡಿಲ್ ಆ ನೆಲದ್ದೇ ಹೌದು. ಪ್ರಿಮ್‌ರೋಸ್, ಬ್ಲೂಬೆಲ್ ಕೂಡ ಅಲ್ಲಿನವೇ. ಆದರೆ ಇಂದು ಇಂಗ್ಲೆಂಡಿನ ಸಾಧಾರಣ ಮನೆಯೊಂದರ ಕೈತೋಟಕ್ಕೆ ವಸಂತದಲ್ಲಿ ಹೊಕ್ಕರೆ ಕಣ್ಣಿಗೆ ಬೀಳುವ ಹೂಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದವು. ಎಲ್ಲಕ್ಕಿಂತ ಮೊದಲು, ಹಿಮ ಕರಗುವ ಮುನ್ನವೇ ತಲೆಯೆತ್ತುವ ಬಿಳಿಯ ಸ್ನೋಡ್ರಾಪ್ ಕೂಡ ಯೂರೋಪಿನ ಮುಖ್ಯ ನೆಲದಿಂದ ಬಂದದ್ದೆಂಬುದು ಸಸ್ಯಶಾಸ್ತ್ರಜ್ಞರಲ್ಲಿ ಹಲವರ ಅಭಿಪ್ರಾಯ. ಟ್ಯುಲಿಪ್ ತುರ್ಕಿಯ ಸುಲ್ತಾನರ ಉದ್ಯಾನಗಳಿಂದ ಹೊರಟು 16ನೆಯ ಶತಮಾನದಲ್ಲಿ ಪಶ್ಚಿಮ ಯೂರೋಪನ್ನು ಸೇರಿತು. ಗೋಡೆಯ ಮೇಲೆ ದ್ರಾಕ್ಷಿ ಗೊಂಚಲಿನಂತೆ ಇಳಿಬೀಳುವ ನೇರಳೆ ವಿಸ್ಟೇರಿಯ 1816ರಲ್ಲಿ ಚೀನಾದ ಕ್ಯಾಂಟನ್ ಬಂದರಿನಿಂದ ಹಡಗೇರಿತು.

ಈ ವಲಸೆಗೆ ವೇಗ ತಂದದ್ದು ಒಂದು ಗಾಜಿನ ಪೆಟ್ಟಿಗೆ. ತಿಂಗಳುಗಟ್ಟಲೆ ನಡೆಯುವ ಸಮುದ್ರಯಾನದಲ್ಲಿ ಉಪ್ಪುಗಾಳಿಗೆ ಸಿಕ್ಕಿ ಸಸಿಗಳಲ್ಲಿ ಬಹುಪಾಲು ಸಾಯುತ್ತಿದ್ದವು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಗಾಜಿನೊಳಗೆ ಗಿಡ ತನ್ನದೇ ತೇವವನ್ನು ಮತ್ತೆ ಮತ್ತೆ ಬಳಸಿಕೊಂಡು ಬದುಕುವುದನ್ನು ಗಮನಿಸಿದ. 1833ರಲ್ಲಿ ಅವನ ಪೆಟ್ಟಿಗೆಗಳು ಸಿಡ್ನಿಗೆ ಪ್ರಯಾಣ ಬೆಳೆಸಿದವು. ಸಸಿಗಳು ಜೀವಂತವಾಗಿ ತಲುಪಿದವು.

1843ರಲ್ಲಿ ಲಂಡನ್ನಿನ ಹಾರ್ಟಿಕಲ್ಚರಲ್ ಸೊಸೈಟಿ ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ತೋಟಗಾರನನ್ನು ಚೀನಾಕ್ಕೆ ಕಳುಹಿಸಿತು. ಚಳಿಗಾಲದಲ್ಲೂ ಹಳದಿಯಾಗಿ ಅರಳುವ ಒಂದು ಬಗೆಯ ಮಲ್ಲಿಗೆ, ಎಲೆ ಚಿಗುರುವ ಮೊದಲೇ ಕೊಂಬೆ ತುಂಬ ಹಳದಿ ಹೂ ಹೊರುವ ಫೊರ್ಸಿಥಿಯ, ಇವೆಲ್ಲ ಅವನ ಕೈಯಿಂದ ಬಂದವು. ಇದೇ ಫಾರ್ಚೂನ್ ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಚಾಕರಿಗೆ ಸೇರಿ, ಅಂತಹುದೇ ಪೆಟ್ಟಿಗೆಗಳಲ್ಲಿ ಚೀನಾದ ಚಹಾ ಸಸಿಗಳನ್ನು ಗುಟ್ಟಾಗಿ ಭಾರತದ ಹಿಮಾಲಯದ ತಪ್ಪಲಿಗೆ ಸಾಗಿಸಿದ. ಹಿತ್ತಲಿಗೆ ಹೂ ತಂದ ದಾರಿ ಮತ್ತು ವ್ಯಾಪಾರದ ದಾರಿ ಬೇರೆ ಬೇರೆ ಆಗಿರಲಿಲ್ಲ.

ರೋಡೊಡೆಂಡ್ರನ್ ಕಥೆಯಲ್ಲಿ ರಾಜಕೀಯವೂ ಉಂಟು. ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1848 ಮತ್ತು 1849ರಲ್ಲಿ ಸಿಕ್ಕಿಮ್ ಬೆಟ್ಟಗಳಲ್ಲಿ ಅಲೆದು ಅನೇಕ ಹೊಸ ಪ್ರಭೇದಗಳ ಬೀಜ ಸಂಗ್ರಹಿಸಿದ. ಹೊರೆ ಹೊತ್ತವರು, ಮರ ಹತ್ತಿದವರು, ಕಾಡಿನ ದಾರಿ ತೋರಿದವರು ಲೆಪ್ಚಾ ಮತ್ತಿತರ ಸ್ಥಳೀಯರು. 1849ರ ಕೊನೆಯಲ್ಲಿ ಸಿಕ್ಕಿಮ್‌ನ ಅಧಿಕಾರಿಗಳು ಹೂಕರ್ ಹಾಗೂ ಡಾರ್ಜಿಲಿಂಗಿನ ಬ್ರಿಟಿಷ್ ಅಧಿಕಾರಿ ಕ್ಯಾಂಪ್‌ಬೆಲ್‌ನನ್ನು ಬಂಧಿಸಿದರು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು ಮರುವರ್ಷ ಸಿಕ್ಕಿಮ್‌ನ ಒಂದಷ್ಟು ಪ್ರದೇಶವನ್ನು ಕಿತ್ತುಕೊಂಡರು. ಇಂಗ್ಲೆಂಡಿನ ತೋಟಗಳಲ್ಲಿ ಕೆಂಪಾಗಿ ಅರಳುವ ಹೂವಿನ ಹಿಂದೆ ಹೀಗೊಂದು ಗಡಿಯ ಕಥೆಯಿದೆ.

ಎಲ್ಲವೂ ಒಂದೇ ದಿಕ್ಕಿಗೆ ಹರಿಯಿತೆಂದಲ್ಲ. ಕೆಂಟ್ ಪ್ರಾಂತದ ಬೆನೆಂಡನ್ ಊರಿನಲ್ಲಿದ್ದ ಕಾಲಿಂಗ್‌ವುಡ್ ಇಂಗ್ರಾಮ್ ಚೆರ್ರಿ ಮರಗಳ ಹುಚ್ಚು ಹಿಡಿಸಿಕೊಂಡಿದ್ದ. 1926ರಲ್ಲಿ ಅವನು ಜಪಾನಿಗೆ ಹೋದಾಗ ಅಲ್ಲಿನ ಹಿರಿಯ ಚೆರ್ರಿ ತಜ್ಞರೊಬ್ಬರು ಹಳೆಯ ಚಿತ್ರಪಟವೊಂದನ್ನು ಬಿಚ್ಚಿ, ದೊಡ್ಡ ಬಿಳಿ ಹೂವಿನ ಈ ತಳಿ ತಮ್ಮಲ್ಲಿ ಅಳಿದುಹೋಗಿದೆ ಎಂದು ಮರುಗಿದರು. ಆ ಮರ ಇಂಗ್ರಾಮನ ತೋಟದಲ್ಲೇ ಇತ್ತು! ಅವನು ಕಳುಹಿಸಿದ ಕಸಿಕಡ್ಡಿಗಳು ದಾರಿಯಲ್ಲಿ ಪದೇ ಪದೇ ಸತ್ತವು. ಕೊನೆಗೆ ಆಲೂಗಡ್ಡೆಗೆ ಚುಚ್ಚಿ, ಒಣಗದಂತೆ ಸೈಬೀರಿಯದ ರೈಲಿನಲ್ಲಿ ಕಳುಹಿಸಿದವು 1932ರಲ್ಲಿ ಜಪಾನಿನಲ್ಲಿ ಚಿಗುರಿದವು. 'ತೈಹಾಕು' ಎಂಬ ಆ ತಳಿ ಹೀಗೆ ತವರು ಸೇರಿತು.

ನಮ್ಮಲ್ಲಿಯೂ ಇದರ ಎಳೆಯೊಂದಿದೆ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಭಾರತಕ್ಕೆ ಬರುವ ಮುನ್ನ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದವರು. ಒಂದು ಮರದ ಹೂ ಉದುರುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಸಾಲುಮರಗಳನ್ನು ಯೋಜಿಸಿದ ಹಿರಿಮೆ ಅವರದು.

ಆದರೆ ಟ್ಯುಲಿಪ್ ಮಾತ್ರ ನಮ್ಮ ಬಯಲುಸೀಮೆಗೆ ಒಗ್ಗದು. ಕಾರಣವಿಷ್ಟೆ: ಅಲ್ಲಿ ಶರತ್ಕಾಲದಲ್ಲಿ ನೆಟ್ಟ ಗೆಡ್ಡೆ ಸುಮಾರು ಮೂರು ತಿಂಗಳು ಚಳಿ ಉಣ್ಣಬೇಕು. ಚಳಿ ಕಳೆದು ಮಣ್ಣು ಬೆಚ್ಚಗಾದ ಮೇಲೆಯೇ ಹೂಕಾಂಡ ಸರಿಯಾಗಿ ಮೇಲೇಳುತ್ತದೆ. ಇಂಗ್ಲೆಂಡಿನ ವಸಂತದ ಗಡಿಯಾರ ನಡೆಯುವುದೇ ಚಳಿ ಮತ್ತು ಬಿಸಿಲಿನ ಈ ಲೆಕ್ಕದಲ್ಲಿ.

ಆ ಗಡಿಯಾರ ಈಗ ಮುಂದೆ ಓಡುತ್ತಿದೆ. ನಾರ್ಫೋಕ್‌ನ ಜಮೀನ್ದಾರ ರಾಬರ್ಟ್ ಮಾರ್ಷಮ್ 1736ರಲ್ಲಿ ಮೊದಲ ಸ್ನೋಡ್ರಾಪ್ ಯಾವಾಗ ಅರಳಿತು, ಕೋಗಿಲೆ ಯಾವಾಗ ಕೂಗಿತು ಎಂದು ಬರೆದಿಡತೊಡಗಿದ. ಅವನ ವಂಶದವರು 1958ರವರೆಗೂ ಆ ಕೆಲಸ ಮುಂದುವರಿಸಿದರು. ಹೀಗೆ ಬ್ರಿಟನ್ನಿನಲ್ಲಿ ಕೂಡಿಬಂದ ನಾಲ್ಕು ಲಕ್ಷಕ್ಕೂ ಮಿಕ್ಕ ದಾಖಲೆಗಳನ್ನು ಕೇಂಬ್ರಿಜ್ ನೇತೃತ್ವದ ವಿಜ್ಞಾನಿಗಳು ಜಾಲಾಡಿ 2022ರಲ್ಲಿ ವರದಿ ಪ್ರಕಟಿಸಿದರು. 1986ಕ್ಕೆ ಹಿಂದಿನ ಕಾಲಕ್ಕೆ ಹೋಲಿಸಿದರೆ, ಆಮೇಲಿನ ವರ್ಷಗಳಲ್ಲಿ ಗಿಡಗಳು ಸರಾಸರಿ ಒಂದು ತಿಂಗಳು ಮುಂಚೆಯೇ ಅರಳುತ್ತಿವೆ. ಭೂಮಿ ಬಿಸಿಯೇರುತ್ತಿರುವುದರ ಲಕ್ಷಣವಿದು.

ಹೂ ಬೇಗ ಬಂದರೆ ನಷ್ಟವೇನು ಎನ್ನಬಹುದು. ಅವಸರದಿಂದ ಅರಳಿದ ಸೇಬಿನ ಹೂವಿನ ಮೇಲೆ ತಡವಾಗಿ ಒಂದು ರಾತ್ರಿ ಹಿಮ ಬಿದ್ದರೆ ಆ ವರ್ಷದ ಹಣ್ಣು ಹೋದಂತೆಯೇ. ಜೇನ್ನೊಣ ಗೂಡಿನಿಂದ ಹೊರಬರುವ ಹೊತ್ತಿಗೆ ಹೂ ಮುಗಿದಿದ್ದರೆ ಎರಡಕ್ಕೂ ಕೇಡು. ಇದೆಲ್ಲ ಗೊತ್ತಾದದ್ದು ದೊಡ್ಡ ಯಂತ್ರಗಳಿಂದಲ್ಲ. ಹಿತ್ತಲಿಗೆ ಹೋಗಿ ಮೊದಲ ಹೂ ಕಂಡ ದಿನವನ್ನು ತಪ್ಪದೆ ಬರೆದಿಟ್ಟ ಸಾಮಾನ್ಯ ಜನರಿಂದ. ಇಂಥ ದಾಖಲೆ ಬರೆಯುವವರು ಬ್ರಿಟನ್ನಿನಲ್ಲಿ ಇಂದಿಗೂ ಇದ್ದಾರೆ.