ಸರ್ ಎಂ.ವಿ. ಮತ್ತು ಹಳ್ಳಿಯ ಅರ್ಧ ದಿನ

ಇದೇ ಶಾಲೆಯಲ್ಲಿ ಓದಿ, ಸೇವೆಯ ಕೊನೆಯ ಹನ್ನೊಂದು ವರ್ಷ ಇಲ್ಲಿಯೇ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಪ್ರಾರ್ಥನೆಯ ಹೊತ್ತಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಮಾತಾಡುವ ಕೆಲಸ ನನ್ನದೇ ಆಗಿತ್ತು. ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ, ಮೈಸೂರು ಬ್ಯಾಂಕ್, ವಿಶ್ವವಿದ್ಯಾನಿಲಯ, ಭಾರತರತ್ನ ಎಂದು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಕಡೆಯದೇ. ಕಟ್ಟೆ ಕನ್ನಂಬಾಡಿಯಲ್ಲಿ ಆಯ್ತು. ನಮ್ಮಂಥ ಹಳ್ಳಿಗೆ ಏನು ಮಾಡಿದ್ರು?" ಎಂದ. ಅವನು ನಮ್ಮೂರಿನ ಹಳೆಯ ನೀರುಗಂಟಿಯ ಮೊಮ್ಮಗ. ನಾನು "ಶಾಲೆಗಳನ್ನು ತೆರೆಸಿದರು" ಎಂದು ಹೇಳಿ ಕೂರಿಸಿದೆ. ಉತ್ತರ ಸುಳ್ಳಲ್ಲ, ಅವರ ದಿವಾನಗಿರಿಯಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ ಏರಿದವು. ಆದರೆ ಅದು ಪೂರ್ತಿ ಉತ್ತರವಲ್ಲವೆಂದು ನನಗೇ ಗೊತ್ತಿತ್ತು. ಆ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಸಂಚಿಕೆ ಅವನ ಕೈ ಸೇರಿದರೆ ತಡವಾಗಿಯಾದರೂ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದ್ದು ಎಲ್ಲರಿಗೂ ತಿಳಿದದ್ದೇ. ಅಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳಿಗೆ ಹೆಸರು ಬಂತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1899ರ ಸುಮಾರಿಗೆ ಅವರು ದಖನ್ನಿನ ನಾಲೆಗಳಲ್ಲಿ ತಂದ ಬ್ಲಾಕ್ ಪದ್ಧತಿ. ನಾಲೆಯ ತಲೆಯಲ್ಲಿದ್ದವರು ಕಬ್ಬಿಗೆ ಬೇಕಾದಷ್ಟು ನೀರು ಹರಿಸಿಕೊಳ್ಳುತ್ತಿದ್ದರು. ಅವರ ನೆಲ ಜೌಗಾಗಿ ಸೊಳ್ಳೆ, ಜ್ವರ ಹೆಚ್ಚಾಗುತ್ತಿತ್ತು. ಬಾಲದವರ ಹೊಲ ಒಣಗುತ್ತಿತ್ತು. ವಿಶ್ವೇಶ್ವರಯ್ಯನವರು ಊರಿನ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದು ಭಾಗಕ್ಕೆ ಕಬ್ಬು, ಒಂದು ಭಾಗಕ್ಕೆ ಭತ್ತ, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ ಎಂದು ಗೊತ್ತುಮಾಡಿ, ಅದನ್ನು ಸರದಿಯಂತೆ ಬದಲಿಸುವ ಏರ್ಪಾಡು ಮಾಡಿದರು. ಮೊದಮೊದಲು ರೈತರು ಒಪ್ಪಲಿಲ್ಲ. ಇದರಲ್ಲಿ ಕಲ್ಲು ಗಾರೆಯ ಲೆಕ್ಕ ಕಡಿಮೆ, ನ್ಯಾಯದ ಲೆಕ್ಕ ಹೆಚ್ಚು. ಯಾರಿಗೆ ಎಷ್ಟು ನೀರು ಎನ್ನುವುದೇ ತಾನೇ ಹಳ್ಳಿಯ ಆಡಳಿತದ ಮೊದಲ ಪ್ರಶ್ನೆ?

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು. ಸಂಸ್ಥಾನದಲ್ಲಿ ಆಗ 20,000ಕ್ಕೂ ಹೆಚ್ಚು ಕೆರೆಗಳಿದ್ದವು. ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದ ನಮ್ಮ ಕೋಲಾರ ಸೀಮೆಗೆ ಕೆರೆಯೇ ಜೀವ. ಏರಿ, ತೂಬು, ಕೋಡಿ, ಕಾಲುವೆಗಳನ್ನು ಇಲಾಖೆಯೊಂದೇ ನೋಡಿಕೊಳ್ಳಲು ಸಾಧ್ಯವಿರಲಿಲ್ಲ. 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನು ಬಂತು. ಮರುವರ್ಷ ಅವರು ದಿವಾನರಾದರು. 1913-14ರಲ್ಲಿ ಗ್ರಾಮ ಸುಧಾರಣೆಯ ಯೋಜನೆ ಆರಂಭವಾಯಿತು. ಊರೂರಿಗೂ ಒಂದು ಸಮಿತಿ. ಬಾವಿ, ದಾರಿ, ಚರಂಡಿ, ಶಾಲೆ, ಕೆರೆಯ ಕೆಲಸ ಅದರ ಜವಾಬ್ದಾರಿ. ಊರಿನವರು ವಾರಕ್ಕೆ ಅರ್ಧ ದಿನ ಸಾರ್ವಜನಿಕ ಕೆಲಸಕ್ಕೆ ಮೈಬಗ್ಗಿಸಬೇಕು. 1918ರಲ್ಲಿ ಸ್ಥಳೀಯ ಬೋರ್ಡುಗಳು ಮತ್ತು ಗ್ರಾಮ ಪಂಚಾಯಿತಿಗಳಿಗೆ ಕಾನೂನಿನ ಆಧಾರ ದೊರೆಯಿತು. ನಾವು ಪಂಚಾಯಿತಿ ಎಂದರೆ 1987ರ ಮಂಡಲ ಪಂಚಾಯಿತಿಯಿಂದಲೇ ಶುರುವಾಯಿತೆಂದುಕೊಳ್ಳುತ್ತೇವೆ. ಅದರ ಬೇರು ಇನ್ನೂ ಹಿಂದಿನದು.

ಆ ಅರ್ಧ ದಿನದ ಬಗ್ಗೆ ನನ್ನ ತಾತ ಹೇಳುತ್ತಿದ್ದರು. ಆಗ ಅವರು ಹತ್ತು-ಹನ್ನೊಂದು ವರ್ಷದ ಹುಡುಗ. ಕೆರೆ ಏರಿಗೆ ಮಂಕರಿಯಲ್ಲಿ ಮಣ್ಣು ಹೊತ್ತವರು. "ಕೆಲವು ಮನೆಯಿಂದ ಮಂಕರಿ ಬರ್ತಿತ್ತು, ಕೆಲವು ಮನೆಯಿಂದ ಹೆಸರು ಮಾತ್ರ ಬರ್ತಿತ್ತಪ್ಪ" ಎನ್ನುತ್ತಿದ್ದರು. ಪಟೇಲರೂ ಶಾನುಭೋಗರೂ ಸಮಿತಿಯಲ್ಲಿ ಕುಳಿತು ಲೆಕ್ಕ ಬರೆದರೆ, ಹೊಲಗೇರಿಯವರು ಇಡೀ ದಿನ ದುಡಿಯುತ್ತಿದ್ದರಂತೆ. ಅವರಿಗೆ ಇದು ಹಳೆಯ ಬಿಟ್ಟಿ ಚಾಕರಿಯ ಹೊಸ ಹೆಸರಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ವಿಶ್ವೇಶ್ವರಯ್ಯನವರು ಶಿಸ್ತನ್ನು ನಂಬಿದರು, ಯೋಗ್ಯತೆಯನ್ನು ನಂಬಿದರು. ಆ ಯೋಗ್ಯತೆ ಸಂಪಾದಿಸುವ ಬಾಗಿಲು ಯಾರಿಗೆ ಮುಚ್ಚಿತ್ತು ಎಂಬ ಪ್ರಶ್ನೆಗೆ ಅಷ್ಟು ಒತ್ತು ಕೊಡಲಿಲ್ಲ. ಹಿಂದುಳಿದವರಿಗೆ ನೌಕರಿಯಲ್ಲಿ ಮೀಸಲು ಕೊಡುವ ವಿಚಾರದಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು 1918ರಲ್ಲಿ ಅವರು ದಿವಾನಗಿರಿ ಬಿಟ್ಟರು. ಸೆಪ್ಟೆಂಬರಿನ ಭಾಷಣಗಳಲ್ಲಿ ನಾನು ಇದನ್ನು ಒಮ್ಮೆಯೂ ಹೇಳಲಿಲ್ಲ. ಹೇಳಿದರೆ ದೊಡ್ಡವರ ಹೆಸರಿಗೆ ಕುಂದು ಎಂಬ ಅಂಜಿಕೆ. ಈಗ ಹಾಗೆನ್ನಿಸುವುದಿಲ್ಲ. ತೊಂಬತ್ತರ ಹತ್ತಿರದ ವಯಸ್ಸಿನಲ್ಲೂ ಹಳ್ಳಿಗಳಲ್ಲಿ ಕೈಗಾರಿಕೆ ಬೆಳೆಸುವ ಯೋಜನೆ ಹಾಕಿಕೊಂಡು ಓಡಾಡಿದ ಮನುಷ್ಯ ಅವರು. ಅವರ ಗೌರವಕ್ಕೆ ಇಂಥ ಮಾತಿನಿಂದ ಧಕ್ಕೆಯಾಗದು.

1961ರ ಕಾಯ್ದೆಯಿಂದ ವಂಶಪಾರಂಪರ್ಯದ ಹಳ್ಳಿ ಹುದ್ದೆಗಳು ಹೋದವು. ಪಟೇಲಿಕೆ ಹೋದದ್ದು ಒಳ್ಳೆಯದೇ ಆಯಿತು. ನಮ್ಮೂರಿನಲ್ಲಿ ಅದರ ಹಿಂದೆಯೇ ನೀರುಗಂಟಿಯ ಕೆಲಸವೂ ನಿಂತಿತು. ತೂಬು ಎತ್ತುವ, ಸರದಿಯಂತೆ ಗದ್ದೆಗೆ ನೀರು ಬಿಡುವ, ರಾತ್ರಿ ಏರಿ ಕಾಯುವ ಮನುಷ್ಯನ ಜಾಗಕ್ಕೆ ಯಾರೂ ಬರಲಿಲ್ಲ. ಕೊಳವೆಬಾವಿ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ಹೂಳು ತುಂಬಿತು, ಕೆರೆಗೆ ನೀರು ತರುವ ರಾಜಕಾಲುವೆ ವರ್ಷಕ್ಕೊಂದು ಗೇಣು ಕಿರಿದಾಯಿತು.

ಅದನ್ನು ಕಿರಿದು ಮಾಡಿದವರಲ್ಲಿ ನಮ್ಮ ಮನೆಯವರೂ ಇದ್ದರು. ನಮ್ಮ ತಂದೆಯವರು ಬದುವನ್ನು ಕಾಲುವೆಯ ಕಡೆಗೆ ಸರಿಸಿ ರಾಗಿ ಹಾಕಿದ್ದು ನನ್ನ ಕಣ್ಣೆದುರಿಗೇ. ಸಂಬಳ ಬರುವ ಮೇಷ್ಟ್ರಾಗಿ, ತರಗತಿಯಲ್ಲಿ ಜಲ ಸಂರಕ್ಷಣೆಯ ಪಾಠ ಮಾಡಿ, ಸಂಜೆ ಅದೇ ಬದುವಿನ ಮೇಲೆ ನಡೆದು ಮನೆಗೆ ಬರುತ್ತಿದ್ದೆ. ಆ ಹುಡುಗ ಪ್ರಶ್ನೆ ಕೇಳಿದ ದಿನ ನಾನು ಬೇಗ ಬೇಗ ಕೂರಿಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಎರಡು ವರ್ಷದ ಹಿಂದೆ ಗ್ರಾಮಸಭೆಯಲ್ಲಿ ಕಾಲುವೆಯ ಮಾತು ಬಂದಾಗ, ಮೊದಲು ನಮ್ಮ ಹೊಲದಿಂದಲೇ ಅಳೆಯಿರಿ ಎಂದು ಹೇಳಿದೆ. ಸರ್ವೆಯವರು ಬಂದು ನಮ್ಮ ಬದುವಿನಿಂದ ಏಳು ಅಡಿ ಒಳಕ್ಕೆ ಕಲ್ಲು ನೆಟ್ಟರು. ತಮ್ಮ ಒಂದು ತಿಂಗಳು ನನ್ನನ್ನು ಮಾತಾಡಿಸಲಿಲ್ಲ. ಮಿಕ್ಕವರ ಹೊಲಗಳಲ್ಲಿ ಕೆಲವರು ಒಪ್ಪಿದರು, ಇಬ್ಬರು ಕೋರ್ಟಿಗೆ ಹೋಗಿದ್ದಾರೆ. ಹೋದ ಮಳೆಗಾಲದಲ್ಲಿ ತೆರವಾದಷ್ಟು ಕಾಲುವೆಯಲ್ಲಿ ನೀರು ಹರಿಯಿತು. ಕೋಡಿ ಬೀಳಲಿಲ್ಲ, ತೂಬಿನ ಕಲ್ಲು ಮುಕ್ಕಾಲು ಮುಳುಗಿತು. ತೂಬು ಎತ್ತಲು ಬರುವವರು ಯಾರೆಂದು ಪಂಚಾಯಿತಿಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ.