ಕೌಟಲೀಯದ ಕಾಲವಿಚಾರವೂ ಕಲ್ಕತ್ತೆಯ ಉಪನ್ಯಾಸಪೀಠವೂ

ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಇತಿಹಾಸವಿಷಯಕವಾದ ಸಾರ್ವಜನಿಕೋಪನ್ಯಾಸಗಳನ್ನು ಕುರಿತು, ಶಾಸ್ತ್ರಾಧ್ಯಯನಪರರಾದ ನಮ್ಮವರಲ್ಲಿ ಒಂದು ಆಕ್ಷೇಪವು ಬಹುಕಾಲದಿಂದ ಕೇಳಿಬರುತ್ತಿದೆ. ವಾಕ್ಯಾರ್ಥಸಭೆಯಲ್ಲಿ ವಾದಿಯು ಒಂದು ಮಾತನ್ನಾಡಿದೊಡನೆಯೇ ಪ್ರತಿವಾದಿಯು ಅದಕ್ಕೆ ಹೇತುವನ್ನು ಕೇಳುತ್ತಾನೆ. ಹೇತುವಿನಲ್ಲಿ ದೋಷವಿದ್ದರೆ ಅದು ಅಲ್ಲಿಯೇ ಹೊರಬೀಳುತ್ತದೆ. ಉಪನ್ಯಾಸಮಂದಿರದಲ್ಲಾದರೋ ಒಬ್ಬರು ಒಂದು ಗಂಟೆಯ ಕಾಲ ಮಾತನಾಡುತ್ತಾರೆ, ಉಳಿದವರು ಸುಮ್ಮನೆ ಕೇಳುತ್ತಾರೆ, ಕಡೆಯಲ್ಲಿ ವಂದನಾರ್ಪಣೆಯಾಗುತ್ತದೆ. ಪೂರ್ವಪಕ್ಷವೇ ಇಲ್ಲದ ಸಿದ್ಧಾಂತಕ್ಕೆ ಪ್ರಾಮಾಣ್ಯವೆಲ್ಲಿಯದು? ಎಂಬುದೇ ಆ ಆಕ್ಷೇಪ. ಪಾಠಶಾಲೆಗಳಲ್ಲಿ ಓದಿದ ನಾನೂ ಇದನ್ನು ಅನೇಕ ವರ್ಷ ಯಥಾರ್ಥವೆಂದೇ ನಂಬಿದ್ದೆನು. ಕೌಟಲೀಯ ಅರ್ಥಶಾಸ್ತ್ರದ ಕಾಲವನ್ನು ಕುರಿತ ಚರ್ಚೆಯ ಚರಿತ್ರೆಯನ್ನು ನೋಡಿದ ಮೇಲೆ ಆ ನಂಬಿಕೆಯು ಅರ್ಧದಷ್ಟೇ ಉಳಿದಿದೆ.

ಗ್ರಂಥವು ಬೆಳಕಿಗೆ ಬಂದ ವೃತ್ತಾಂತವು ಕನ್ನಡಿಗರಿಗೆ ಸುವಿದಿತವೇ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಪ್ರತಿಯೊಂದನ್ನು ಮೈಸೂರಿನ ಸರಕಾರಿ ಓರಿಯಂಟಲ್ ಲೈಬ್ರರಿಗೆ ತಂದು ಒಪ್ಪಿಸಿದರು. ಅಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಿಂದ ಅದರ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ಪ್ರಕಟಿಸತೊಡಗಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಸಮಗ್ರ ಭಾಷಾಂತರವನ್ನೂ ಹೊರತಂದರು. ಗ್ರಂಥವು ಮೌರ್ಯ ಚಂದ್ರಗುಪ್ತನ ಮಂತ್ರಿಯದೇ ಎಂಬುದು ಶಾಸ್ತ್ರಿಗಳ ನಿರ್ಣಯ. ನಂದರ ವಶದಲ್ಲಿದ್ದ ಭೂಮಿಯನ್ನು ಉದ್ಧರಿಸಿದವನೇ ಇದನ್ನು ರಚಿಸಿದನೆಂಬ ಗ್ರಂಥಾಂತ್ಯದ ಶ್ಲೋಕವೂ, ವಿಷ್ಣುಗುಪ್ತನು ಮೌರ್ಯನಿಗಾಗಿ ದಂಡನೀತಿಯನ್ನು ಆರು ಸಾವಿರ ಶ್ಲೋಕಗಳಿಗೆ ಸಂಕ್ಷೇಪಿಸಿದನೆಂಬ ದಂಡಿಯ ಮಾತೂ ಅವರಿಗೆ ಮುಖ್ಯ ಪ್ರಮಾಣಗಳಾಗಿದ್ದುವು.

ಮೈಸೂರಿನಲ್ಲಿ ಹುಟ್ಟಿದ ಈ ಪ್ರಶ್ನೆಗೆ ಸಭೆ ದೊರೆತದ್ದು ಕಲ್ಕತ್ತೆಯಲ್ಲಿ. ಅದಕ್ಕೆ ಕಾರಣವುಂಟು. ಪ್ರಸನ್ನಕುಮಾರ ಠಾಕೂರರು ತಮ್ಮ ಮರಣಶಾಸನದ ಮೂಲಕ ವಿಶ್ವವಿದ್ಯಾನಿಲಯಕ್ಕೆ ಬಿಟ್ಟ ದತ್ತಿಯಿಂದ 1870ರಷ್ಟು ಹಿಂದೆಯೇ ಅಲ್ಲಿ ಧರ್ಮಶಾಸ್ತ್ರ–ನ್ಯಾಯಶಾಸ್ತ್ರಗಳನ್ನು ಕುರಿತ ಉಪನ್ಯಾಸಮಾಲೆಯು ಆರಂಭವಾಗಿತ್ತು. ಆಡಿದ ಉಪನ್ಯಾಸವನ್ನು ಅಚ್ಚುಹಾಕಿಸಬೇಕೆಂಬುದೂ ಆ ದತ್ತಿಯ ನಿಬಂಧನೆಗಳಲ್ಲೊಂದು. ಈ ನಿಬಂಧನೆಯ ಬೆಲೆಯನ್ನು ಮುಂದೆ ಕಾಣುವೆವು. ಅನಂತರ ಆಶುತೋಷ ಮುಖರ್ಜಿಯವರ ಕಾಲದಲ್ಲಿ ಪ್ರಾಚೀನೇತಿಹಾಸಕ್ಕಾಗಿ ಕಾರ್ಮೈಕೇಲ್ ಪೀಠವು ಸ್ಥಾಪಿತವಾಯಿತು. ಹೊರಗಿನ ವಿದ್ವಾಂಸರನ್ನು ಕರೆಸಿ ಉಪನ್ಯಾಸ ಹೇಳಿಸುವ ಪದ್ಧತಿಯೂ ನೆಲೆಗೊಂಡಿತು.

ಮೊದಲು ಆ ಪೀಠದಿಂದ ಕೇಳಿಬಂದದ್ದು ಶಾಸ್ತ್ರಿಗಳ ಪಕ್ಷವೇ. 1917ರಲ್ಲಿ ಕಾಶೀಪ್ರಸಾದ ಜಾಯಸ್ವಾಲರು ಠಾಕೂರ್ ದತ್ತಿಯ ಉಪನ್ಯಾಸಗಳಲ್ಲಿ ಮನುಯಾಜ್ಞವಲ್ಕ್ಯರನ್ನು ಕೌಟಲ್ಯನೊಡನೆ ಹೋಲಿಸಿದರು. 1918ರಲ್ಲಿ ದೇವದತ್ತ ಭಂಡಾರ್ಕರರು ಕಾರ್ಮೈಕೇಲ್ ಉಪನ್ಯಾಸಗಳಲ್ಲಿ ಪ್ರಾಚೀನ ರಾಜ್ಯಾಡಳಿತವನ್ನು ವಿವರಿಸಲು ಈ ಗ್ರಂಥವನ್ನು ಧಾರಾಳವಾಗಿ ಬಳಸಿದರು. ಶಾಮಶಾಸ್ತ್ರಿಗಳೂ ಆಹ್ವಾನಿತರಾಗಿ ಭಾರತೀಯ ರಾಜ್ಯವ್ಯವಸ್ಥೆಯ ವಿಕಾಸವನ್ನು ಕುರಿತು ಅಲ್ಲಿ ಉಪನ್ಯಾಸಗಳನ್ನು ಕೊಟ್ಟರು. ಅವು 1920ರಲ್ಲಿ ಆ ವಿಶ್ವವಿದ್ಯಾನಿಲಯದಿಂದಲೇ ಪ್ರಕಟವಾದುವು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ಪಂಡಿತರು ಕಲ್ಕತ್ತೆಯ ಪೀಠದಲ್ಲಿ ಕುಳಿತರೆಂಬುದನ್ನು ನೆನೆದಾಗ ನನ್ನಂಥವರಿಗೆ ಸಂತೋಷವಾಗುವುದು ಸಹಜವೇ. ಆದರೆ ಸಂತೋಷವು ಪ್ರಮಾಣವಲ್ಲ.

ಪೂರ್ವಪಕ್ಷವು ಬಂದದ್ದು ಯೂರೋಪಿನಿಂದ. ಪ್ರಾಗ್ ನಗರದ ಓಟೋ ಸ್ಟೈನರು 1921ರಲ್ಲಿ ಮೆಗಸ್ತನೀಸನ ವರ್ಣನೆಯನ್ನೂ ಕೌಟಲೀಯವನ್ನೂ ಎದುರೆದುರಿಗಿಟ್ಟು, ಎರಡಕ್ಕೂ ಹೊಂದಿಕೆಯಿಲ್ಲವೆಂದು ತೋರಿಸಿದರು. ಯೋಲಿ ಪಂಡಿತರು ಲಾಹೋರಿನಲ್ಲಿ ಅಚ್ಚಾದ ತಮ್ಮ ಆವೃತ್ತಿಯ ಪೀಠಿಕೆಯಲ್ಲಿ, ಗ್ರಂಥವು ಕ್ರಿಸ್ತಶಕ ಮೂರನೆಯ ಶತಮಾನದ್ದೆಂದರು. ಇದೇ ಯೋಲಿಯವರು ನಾಲ್ವತ್ತು ವರ್ಷಗಳ ಹಿಂದೆ, 1883ರಲ್ಲಿ, ಕಲ್ಕತ್ತೆಯ ಠಾಕೂರ್ ಉಪನ್ಯಾಸಕರಾಗಿದ್ದವರು. ಸ್ಟೈನರ ಗುರುಗಳಾದ ವಿಂಟರ್ನಿಟ್ಸರು 1922–23ರಲ್ಲಿ ಶಾಂತಿನಿಕೇತನಕ್ಕೆ ಬಂದಿದ್ದಾಗ ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಅವರನ್ನೂ ಕರೆಯಿತು. ಶಾಸ್ತ್ರಿಗಳ ಸಿದ್ಧಾಂತವನ್ನು ಅಚ್ಚುಹಾಕಿಸಿದ ಸಂಸ್ಥೆಯೇ ಅದರ ಖಂಡನವನ್ನು ತನ್ನ ಉಪನ್ಯಾಸಮಾಲೆಯಲ್ಲಿ ಸೇರಿಸಿಕೊಂಡು 1925ರಲ್ಲಿ ಅಚ್ಚುಹಾಕಿಸಿತು. ಐದೇ ವರ್ಷಗಳ ಅಂತರ. ವಾಕ್ಯಾರ್ಥಸಭೆಯ ಲಕ್ಷಣವು ಇದಲ್ಲದೆ ಮತ್ತೇನು?

ಆ ಖಂಡನದ ಯುಕ್ತಿಗಳಲ್ಲಿ ಬಲಾಬಲಗಳುಂಟು. “ಇತಿ ಕೌಟಲ್ಯಃ” ಎಂದು ಗ್ರಂಥಕಾರನು ಅನ್ಯನಂತೆ ನಿರ್ದಿಷ್ಟನಾಗಿರುವುದರಿಂದ ಅವನೇ ಕರ್ತೃವಲ್ಲವೆಂಬ ಯುಕ್ತಿಯು ನನಗೆ ರುಚಿಸುವುದಿಲ್ಲ. ಜೈಮಿನಿಸೂತ್ರಗಳಲ್ಲಿ ಜೈಮಿನಿಯ ಹೆಸರೂ ಬ್ರಹ್ಮಸೂತ್ರಗಳಲ್ಲಿ ಬಾದರಾಯಣನ ಹೆಸರೂ ಹೀಗೆಯೇ ಬರುತ್ತವೆ. ಸೂತ್ರಕಾರರ ಶೈಲಿಯನ್ನು ಬಲ್ಲವರಿಗೆ ಇದರಿಂದ ಏನೂ ಸಿದ್ಧಿಸುವುದಿಲ್ಲ. ಇದು ರಾಜನೀತಿಜ್ಞನ ಕೃತಿಯಲ್ಲ, ಯಾರೋ ಪಂಡಿತನದು, ಎಂದು ವಿಂಟರ್ನಿಟ್ಸರು ಹೇಳಿದ್ದೂ ಪಂಡಿತರನ್ನು ಸ್ವಲ್ಪ ಹಗುರಾಗಿ ಎಣಿಸಿದ ಮಾತೇ ಸರಿ. ಆದರೆ ಕೋಟೆಯ ವಿಚಾರವು ಹಾಗಲ್ಲ. ಪಾಟಲೀಪುತ್ರಕ್ಕೆ ಮರದ ಪ್ರಾಕಾರವಿತ್ತೆಂದು ಮೆಗಸ್ತನೀಸನು ಬರೆದನು; ಪಟ್ಣಾದ ಬಳಿ ನಡೆದ ಉತ್ಖನನದಲ್ಲಿ ಮರದ ತೊಲೆಗಳ ಗೋಡೆಯು ಕಣ್ಣಿಗೇ ಕಂಡಿತು. ಕೌಟಲೀಯವಾದರೋ ಅಗ್ನಿಭಯವನ್ನು ಹೇಳಿ ದುರ್ಗನಿರ್ಮಾಣದಲ್ಲಿ ಮರವನ್ನು ನಿಷೇಧಿಸುತ್ತದೆ. ತನ್ನ ಅರಸನ ರಾಜಧಾನಿಯನ್ನೇ ಮಂತ್ರಿಯು ದೂಷಿಸಿದನೆನ್ನಬೇಕು, ಇಲ್ಲವೆ ಕಾಲವು ಬೇರೆಯೆನ್ನಬೇಕು. ಸುರಂಗಮಾರ್ಗವನ್ನು ಹೇಳುವ “ಸುರುಂಗಾ” ಎಂಬ ಶಬ್ದವು ಯವನಭಾಷೆಯಿಂದ ಬಂದುದೆಂಬುದೂ, ರೇಷ್ಮೆಯ ಪ್ರಸ್ತಾವದಲ್ಲಿ ಚೀನದೇಶದ ಹೆಸರು ಬರುವುದೂ ಇದೇ ಕಡೆಗೆ ಬೆರಳು ತೋರುತ್ತವೆ.

ಜಾಯಸ್ವಾಲರು ಸುಮ್ಮನಿರಲಿಲ್ಲ. 1924ರಲ್ಲಿ ಪ್ರಕಟವಾದ ತಮ್ಮ ‘ಹಿಂದೂ ಪಾಲಿಟಿ’ಯ ಪರಿಶಿಷ್ಟದಲ್ಲಿ ಯೋಲಿಯವರ ಯುಕ್ತಿಗಳನ್ನು ಒಂದೊಂದಾಗಿ ಎತ್ತಿ ಉತ್ತರಕೊಟ್ಟರು. ಅವರ ಧಾಟಿಯು ಕೆಲವೆಡೆ ಕಟುವಾಗಿದೆ. ದೇಶದ ಮಾನವೇ ಪಣಕ್ಕಿಟ್ಟಂತೆ ತೋರುತ್ತದೆ. ಮುಂದೆ ಮುಂಬಯಿ ವಿಶ್ವವಿದ್ಯಾನಿಲಯಕ್ಕಾಗಿ ಕಾಂಗಲೆಯವರು 1960ರಿಂದ 1965ರವರೆಗೆ ಮೂರು ಭಾಗಗಳಲ್ಲಿ ಗ್ರಂಥವನ್ನು ಪರಿಶೋಧಿಸಿ, ಮತ್ತೆ ಮೌರ್ಯಪಕ್ಷವನ್ನೇ ಹಿಡಿದರು. 1971ರಲ್ಲಿ ಟ್ರೌಟ್ಮನ್ ಎಂಬ ವಿದ್ವಾಂಸರು ಚ, ವಾ, ಏವ ಮೊದಲಾದ ಅವ್ಯಯಗಳು ಅಧಿಕರಣದಿಂದ ಅಧಿಕರಣಕ್ಕೆ ಎಷ್ಟೆಷ್ಟು ಸಲ ಬರುತ್ತವೆಂದು ಎಣಿಸಿ, ಇದು ಒಬ್ಬನ ರಚನೆಯಲ್ಲವೆಂದರು. ವ್ಯಾಕರಣ ಓದಿದವರಿಗೆ ಈ ಎಣಿಕೆ ಮೊದಲು ನಗೆ ತರಿಸಿದರೂ ಆಮೇಲೆ ಚಿಂತೆಗಿಕ್ಕುತ್ತದೆ. 2013ರಲ್ಲಿ ಒಲಿವೆಲ್ ಅವರ ಭಾಷಾಂತರವು, ಮೂಲವು ಕ್ರಿಸ್ತಶಕಾರಂಭದ ಆಸುಪಾಸಿನದು, ಅನಂತರ ಪರಿಷ್ಕೃತವಾದುದು ಎಂದು ಹೇಳಿತು. ನನಗೂ ಈಗ ಈ ಪಕ್ಷವೇ ಬಲವತ್ತರವಾಗಿ ಕಾಣುತ್ತದೆ. ಶಾಸ್ತ್ರಿಗಳ ಕೀರ್ತಿಗೆ ಇದರಿಂದ ಕುಂದಿಲ್ಲ; ಓಲೆಯನ್ನು ಓದಿ ಜಗತ್ತಿನ ಮುಂದಿಟ್ಟವರು ಅವರೇ.

ಹೀಗೆ ಉಪನ್ಯಾಸಕ್ಕೆ ಪ್ರತಿವಾದಿಯು ಇಲ್ಲವೆಂಬುದು ಸುಳ್ಳು. ಅವನು ಆ ಸಂಜೆಯ ಸಭೆಯಲ್ಲಿ ಇರುವುದಿಲ್ಲ, ಅಷ್ಟೆ; ಮೂರು ವರ್ಷದ ಮೇಲೆ, ಮತ್ತೊಂದು ದೇಶದಿಂದ, ಪುಸ್ತಕವನ್ನು ಕೈಯಲ್ಲಿ ಹಿಡಿದು ಬರುತ್ತಾನೆ. ಆದರೆ ಅವನ ಕೈಗೆ ಪುಸ್ತಕವು ಸಿಕ್ಕಬೇಕಷ್ಟೆ. ಆಕ್ಷೇಪದಲ್ಲಿ ಅರ್ಧವು ಉಳಿದಿದೆಯೆಂದು ನಾನು ಹೇಳಿದ್ದು ಇದಕ್ಕಾಗಿಯೇ.

ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ವಿಚಾರಗೋಷ್ಠಿಯೊಂದಕ್ಕೆ ಹೋಗಿದ್ದೆನು. ಉಪನ್ಯಾಸಕರು ಕೌಟಲೀಯವು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ್ದೆಂಬುದು ನಿರ್ವಿವಾದವೆಂದರು. ನಾನು ಎದ್ದು ಸುರುಂಗಾಶಬ್ದದ ವಿಚಾರವನ್ನು ಕೇಳಲು ಹೊರಟಾಗ, ಅಧ್ಯಕ್ಷರು ಭೋಜನಕ್ಕೆ ಹೊತ್ತಾಯಿತೆಂದರು. ತರುವಾಯ ಉಪನ್ಯಾಸದ ಅಚ್ಚಾದ ಪ್ರತಿಗಾಗಿ ಎರಡು ಸಲ ಬರೆದೆನು. ಅಚ್ಚುಹಾಕಿಸಿಲ್ಲವೆಂದು ಎರಡನೆಯ ಕಾಗದಕ್ಕೆ ಉತ್ತರ ಬಂದಿತು. ನನ್ನ ಪ್ರಶ್ನೆಯು ಇಷ್ಟು: ಯವನಸಂಪರ್ಕವು ಬೆಳೆದ ಮೇಲಲ್ಲದೆ ಬಳಕೆಗೆ ಬರಲಾರದ ಆ ಶಬ್ದವು, ಚಂದ್ರಗುಪ್ತನ ಮಂತ್ರಿಯ ಗ್ರಂಥದಲ್ಲಿ ಯಾವ ವಿವರಣೆಯೂ ಇಲ್ಲದೆ ರೂಢಶಬ್ದದಂತೆ ಹೇಗೆ ಬಂದಿತು? ಆ ಉಪನ್ಯಾಸಕರು ಈ ಪತ್ರಿಕೆಯ ವಾಚಕರಾಗಿದ್ದಲ್ಲಿ, ಮುಂದಿನ ಸಂಚಿಕೆಯಲ್ಲಿ ಉತ್ತರವನ್ನು ಅನುಗ್ರಹಿಸಬೇಕೆಂದು ಪ್ರಾರ್ಥಿಸುತ್ತೇನೆ.