ಅಫ್ಘಾನಿಸ್ತಾನ: ಹರಿದ ಹಣವೆಷ್ಟು, ತಲುಪಿದ ನೆರವೆಷ್ಟು?

ಯುದ್ಧದಿಂದ ಜರ್ಝರಿತವಾದ ನಾಡನ್ನು ಹೊರಗಿನವರ ಹಣ ಎತ್ತಿ ನಿಲ್ಲಿಸಬಲ್ಲದೇ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಅಫ್ಘಾನಿಸ್ತಾನವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2002ರಿಂದ 2021ರವರೆಗೆ ಪುನರ್‌ನಿರ್ಮಾಣದ ಲೆಕ್ಕದಲ್ಲಿ ಅಮೆರಿಕವೊಂದೇ ಸುಮಾರು 14,500 ಕೋಟಿ ಡಾಲರ್ ತೆಗೆದಿರಿಸಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಸೇನೆಗೆ, ಪೊಲೀಸರಿಗೆ.

ಆ ದೇಶಕ್ಕೆ ನೆರವು ಹೊಸದೇನಲ್ಲ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಕಂಪನಿಯೊಂದು ಹೆಲ್ಮಂಡ್ ನದಿಗೆ ಕಜಾಕಿ ಅಣೆಕಟ್ಟು ಕಟ್ಟಿತು. ಸೋವಿಯತ್ ಒಕ್ಕೂಟ 1964ರಲ್ಲಿ ಸಲಾಂಗ್ ಸುರಂಗ ಮುಗಿಸಿಕೊಟ್ಟಿತು. 1979ರ ನಂತರದ ಯುದ್ಧಗಳಲ್ಲಿ ಕಟ್ಟುವ ಕೆಲಸ ನಿಂತೇಹೋಯಿತು. ತಾಲಿಬಾನ್ ಮೊದಲ ಬಾರಿ ಬಿದ್ದ ಮೇಲೆ, 2002ರ ಜನವರಿಯಲ್ಲಿ, ಟೋಕಿಯೊದಲ್ಲಿ ಸೇರಿದ ದೇಶಗಳು ಸುಮಾರು 450 ಕೋಟಿ ಡಾಲರ್‌ಗಳ ಭರವಸೆ ಕೊಟ್ಟವು. ಹಣವನ್ನು ಅಫ್ಘನ್ ಸರ್ಕಾರದ ಬಜೆಟ್ ಮೂಲಕವೇ ಕೊಡಲು ವಿಶ್ವಬ್ಯಾಂಕಿನ ಉಸ್ತುವಾರಿಯಲ್ಲಿ ಒಂದು ನಿಧಿಯೂ ಹುಟ್ಟಿತು. ಆದರೆ ದಾನಿ ದೇಶಗಳ ಹಣದ ದೊಡ್ಡ ಪಾಲು ಈ ದಾರಿ ಹಿಡಿಯದೆ ತಮ್ಮದೇ ಗುತ್ತಿಗೆದಾರರ ಕೈಗೆ ಹೋಯಿತು.

ಆರಂಭದ ವರ್ಷಗಳ ಎರಡು ಕೆಲಸಗಳು ನನಗೆ ಬಹಳ ಮುಖ್ಯವೆನಿಸುತ್ತವೆ. 2003ರಲ್ಲಿ ಶುರುವಾದ ರಾಷ್ಟ್ರೀಯ ಐಕ್ಯತಾ ಕಾರ್ಯಕ್ರಮದಲ್ಲಿ ಹಳ್ಳಿಯವರು ಗುಪ್ತ ಮತದಾನದಿಂದ ಸಮಿತಿಯನ್ನು ಆರಿಸುತ್ತಿದ್ದರು. ಕುಟುಂಬಕ್ಕೆ ಸುಮಾರು 200 ಡಾಲರ್ ಲೆಕ್ಕದಲ್ಲಿ, ಹಳ್ಳಿಗೆ ಗರಿಷ್ಠ 60 ಸಾವಿರ ಡಾಲರ್ ಬರುತ್ತಿತ್ತು. ಬಾವಿ ಬೇಕೋ, ಕಾಲುವೆಯೋ, ಸಣ್ಣ ಜಲವಿದ್ಯುತ್ ಘಟಕವೋ ಎಂಬುದನ್ನು ನಿರ್ಧರಿಸುತ್ತಿದ್ದವರು ಅವರೇ; ಖರ್ಚಿನ ಹತ್ತನೇ ಒಂದು ಪಾಲನ್ನು ದುಡಿಮೆಯ ರೂಪದಲ್ಲೋ ಹಣವಾಗಿಯೋ ತುಂಬಬೇಕಿತ್ತು. ಕಾರ್ಯಕ್ರಮ 30 ಸಾವಿರಕ್ಕೂ ಹೆಚ್ಚು ಹಳ್ಳಿಗಳನ್ನು ಮುಟ್ಟಿತು. 500 ಹಳ್ಳಿಗಳಲ್ಲಿ ನಡೆದ ಅಧ್ಯಯನದ ಪ್ರಕಾರ ಕುಡಿಯುವ ನೀರು ಸುಧಾರಿಸಿತು, ಊರಿನ ವ್ಯವಹಾರದಲ್ಲಿ ಹೆಂಗಸರ ಪಾಲು ಹೆಚ್ಚಿತು. ನೀರಾವರಿ, ರಸ್ತೆಗಳಲ್ಲಿ ಅಂಥ ಫಲ ಕಾಣಲಿಲ್ಲ.

ಇನ್ನೊಂದು ಆರೋಗ್ಯದ ಕೆಲಸ. 2002ರ ಸಮೀಕ್ಷೆಯೊಂದು ಒಂದು ಲಕ್ಷ ಹೆರಿಗೆಗೆ ಸುಮಾರು 1,600 ತಾಯಂದಿರು ಸಾಯುತ್ತಿದ್ದಾರೆಂದು ಅಂದಾಜು ಮಾಡಿತ್ತು. ಸರ್ಕಾರ ಮೂಲಭೂತ ಸೇವೆಗಳ ಪಟ್ಟಿ ಮಾಡಿ, ಪ್ರಾಂತ್ಯಗಳನ್ನು ಸ್ವಯಂಸೇವಾ ಸಂಸ್ಥೆಗಳಿಗೆ ವಹಿಸಿತು. ದೂರದ ಜಿಲ್ಲೆಗಳ ಹುಡುಗಿಯರಿಗೆ ಸೂಲಗಿತ್ತಿಯ ತರಬೇತಿ ಕೊಟ್ಟು, ಅವರವರ ಊರಿಗೇ ಕಳಿಸಲಾಯಿತು. ತರಬೇತಿ ಪಡೆದ ಸೂಲಗಿತ್ತಿಯರು ಆರಂಭದಲ್ಲಿ 500 ಮಂದಿಯೂ ಇರಲಿಲ್ಲ. ಮುಂದೆ ಸಾವಿರಾರು ಮಂದಿಯಾದರು.

2006ರ ನಂತರ ತಾಲಿಬಾನ್ ದಂಗೆ ಬಲಿಯಿತು, ನೆರವು ಯುದ್ಧದ ಉಪಕರಣವಾಯಿತು. ಜನರ ಮನ ಗೆಲ್ಲಬೇಕೆಂದು ಸೇನಾಧಿಕಾರಿಗಳೇ ಹಣ ಹಂಚಿದರು. ಕಾದಾಟ ಹೆಚ್ಚಿದ್ದ ಜಿಲ್ಲೆಗೆ ಹೆಚ್ಚು ಹಣ, ಶಾಂತವಾಗಿದ್ದ ಜಿಲ್ಲೆಗೆ ಕಡಿಮೆ. ಕಜಾಕಿಯ ಕಥೆ ಕೇಳಿ. 2008ರಲ್ಲಿ ಬ್ರಿಟಿಷ್ ನೇತೃತ್ವದ ಸಾವಿರಾರು ಸೈನಿಕರು, ಸುಮಾರು ನೂರು ವಾಹನಗಳ ಸಾಲು, ತಾಲಿಬಾನ್ ಹಿಡಿತದಲ್ಲಿದ್ದ ನೆಲ ದಾಟಿ ಹೊಸ ಟರ್ಬೈನಿನ ಬಿಡಿಭಾಗಗಳನ್ನು ಅಣೆಕಟ್ಟಿಗೆ ಮುಟ್ಟಿಸಿದರು. ಅದನ್ನು ಕೂರಿಸಲು ನೂರಾರು ಟನ್ ಸಿಮೆಂಟ್ ಬೇಕಿತ್ತು; ಸಿಮೆಂಟ್ ಬರುವ ರಸ್ತೆ ಸುರಕ್ಷಿತವಾಗಿರಲಿಲ್ಲ. ಟರ್ಬೈನ್ ವರ್ಷಗಟ್ಟಲೆ ಜೋಡಣೆಯಾಗದೆ ಬಿದ್ದಿತ್ತು. ಕೊನೆಗೆ ತಿರುಗಿದ್ದು 2016ರಲ್ಲಿ. ಜೀವ ಪಣಕ್ಕಿಟ್ಟ ಸೈನಿಕರ ತಪ್ಪು ಇದರಲ್ಲಿಲ್ಲ. ಯೋಜನೆ ಹಾಕಿದವರು ರಸ್ತೆಯ ಸ್ಥಿತಿ ನೋಡದೇಹೋದದ್ದು ತಪ್ಪು.

ಭಾರತವೂ ಈ ಕಾಲದಲ್ಲಿ ಕೈಜೋಡಿಸಿತು. ಜರಂಜ್‌ನಿಂದ ದೆಲಾರಾಮ್‌ವರೆಗೆ 218 ಕಿ.ಮೀ. ಹೆದ್ದಾರಿ, ಹೆರಾತ್‌ನಲ್ಲಿ 42 ಮೆಗಾವಾಟ್ ಸಾಮರ್ಥ್ಯದ ಸಲ್ಮಾ ಅಣೆಕಟ್ಟು, ಕಾಬೂಲಿನ ಸಂಸತ್ ಭವನ ನಮ್ಮ ಕೊಡುಗೆ. ಹೆದ್ದಾರಿ ಕಟ್ಟುವಾಗ ನಮ್ಮವರು ಪ್ರಾಣವನ್ನೂ ಕಳೆದುಕೊಂಡರು.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮರಳಿದಾಗ ಸರ್ಕಾರದ ವೆಚ್ಚದ ಸುಮಾರು ಮುಕ್ಕಾಲು ಭಾಗ ವಿದೇಶಿ ಅನುದಾನದಿಂದಲೇ ನಡೆಯುತ್ತಿತ್ತು. ಅದು ನಿಂತೊಡನೆ ವೈದ್ಯರ, ದಾದಿಯರ ಸಂಬಳವೂ ನಿಂತಿತು. ವಿಶ್ವಸಂಸ್ಥೆಯ ಅಂಗಗಳು ಆಸ್ಪತ್ರೆಗಳನ್ನು ಹೇಗೋ ನಡೆಸಿದವು. 2022ರ ಡಿಸೆಂಬರ್‌ನಲ್ಲಿ ಹೆಂಗಸರು ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವುದನ್ನು ತಾಲಿಬಾನ್ ನಿಷೇಧಿಸಿತು. 2025ರಲ್ಲಿ ಅಮೆರಿಕ ಅಳಿದುಳಿದ ನೆರವಿನಿಂದಲೂ ಕೈ ಹಿಂತೆಗೆದುಕೊಂಡಿತು.

ಹಳ್ಳಿಯವರ ಕೈಗೆ ಕೊಟ್ಟ ಹಣ, ಸೂಲಗಿತ್ತಿಯರಿಗೆ ಕಲಿಸಿದ ವಿದ್ಯೆ, ಇವೆರಡೂ ಆಡಳಿತ ಬದಲಾದ ಮೇಲೂ ಜನರ ಬಳಿ ಉಳಿದವು. ಆದರೆ 2024ರ ಡಿಸೆಂಬರ್‌ನಲ್ಲಿ ಸೂಲಗಿತ್ತಿ, ದಾದಿ ತರಬೇತಿಯನ್ನೂ ಹೆಣ್ಣುಮಕ್ಕಳಿಗೆ ಮುಚ್ಚಲಾಯಿತು. ಕಾಬೂಲಿನೊಂದಿಗೆ ಮತ್ತೆ ಮಾತುಕತೆ ಆರಂಭಿಸಿರುವ ದೇಶಗಳು, ಭಾರತವೂ ಸೇರಿದಂತೆ, ಆ ತರಗತಿಗಳು ಮತ್ತೆ ತೆರೆಯಬೇಕೆಂಬ ಬೇಡಿಕೆಯನ್ನು ಮೊದಲು ಮುಂದಿಡಲಿ.